ಅವ್ವನ ಬಲಗೈ ಮತ್ತು ಅಗ್ಗದ ಲೂಡೋ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಲೂಡೋವನ್ನು ನಾನು ಆರಿಸಿದ್ದು ಅಂಗಡಿಯಲ್ಲಿ ಅದೇ ಎಲ್ಲಕ್ಕಿಂತ ಅಗ್ಗ ಅನ್ನುವ ಒಂದೇ ಕಾರಣಕ್ಕೆ. ಶಿಗ್ಗಾಂವ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಮೂರು ತರಹದ್ದು ನೇತು ಹಾಕಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ತುಂಬಿದ್ದು, ರಟ್ಟಿನ ಡಬ್ಬಿಯಲ್ಲಿದ್ದದ್ದು, ಇನ್ನೊಂದು ಅಯಸ್ಕಾಂತದ್ದು. ನಾನು ಚೀಲದ್ದಕ್ಕೆ ಕೈ ಹಾಕಿದೆ. ಲೂಡೋ ಅಂದರೆ ಲೂಡೋ, ಅದರಲ್ಲಿ ಒಳ್ಳೆಯದು ಕೆಟ್ಟದ್ದು ಏನಿರುತ್ತದೆ ಅಂದುಕೊಂಡೆ.

ಇದನ್ನು ಅಂದುಕೊಂಡವಳು ಯಾರು? ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುವವಳು. ಗಿರಾಕಿ ತಂದ ಬಟ್ಟೆಯನ್ನು ತಿರುವಿ, ಎಳೆದು, ಬೆಳಕಿಗೆ ಹಿಡಿದು, "ಇದು ಎರಡು ಸಲ ಒಗದ್ರ ಕುಗ್ಗತೈತಿ ನೋಡ್ರಿ" ಅಂತ ಮುಖಕ್ಕೇ ಹೇಳುವವಳು. ಅವತ್ತು ಆ ಚೀಲವನ್ನು ಬಿಚ್ಚಿ ಕೂಡ ನೋಡಲಿಲ್ಲ.

ಲೂಡೋ ಬೇಕಾಗಿದ್ದು ನಮ್ಮ ಅವ್ವನಿಗೆ. ಅವ್ವ ಹಾನಗಲ್ಲಿನಲ್ಲಿ ಅಣ್ಣ, ವೈನಿ ಜೊತೆ ಇರುತ್ತಾಳೆ. ಹೋದ ವರ್ಷ ಲಕ್ವಾ ಹೊಡೆಯಿತು. ಕಾಲು ಎರಡು ತಿಂಗಳಲ್ಲಿ ಸರಿಹೋಯಿತು. ಮಾತಂತೂ ಮೊದಲಿಗಿಂತ ಹರಿತವಾಗಿ ವಾಪಸು ಬಂತು. ಬಲಗೈ ಮಾತ್ರ ಬರಲಿಲ್ಲ. ಎತ್ತಿದರೆ ಎದ್ದೇಳುತ್ತಿತ್ತು, ಆದರೆ ಬೆರಳು ಏನನ್ನೂ ಹಿಡಿಯುತ್ತಿರಲಿಲ್ಲ.

ಎಡಗೈಯಲ್ಲಿ ಉಣ್ಣುವುದು ಅವ್ವನಿಗೆ ಆಗದ ಮಾತು. ಹಾಗಾಗಿ ವೈನಿ ತಾಟು ಹಿಡಿದು ಒಳಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ತುತ್ತು ಮಾಡಿ ಉಣಿಸುತ್ತಿದ್ದರು. ನಾವೆಲ್ಲ ಪಡಸಾಲೆಯಲ್ಲಿ ಕೂತು ಉಣ್ಣುತ್ತಿದ್ದೆವು. ಒಂದು ಮದುವೆ, ಒಂದು ಸೀಮಂತ, ಎಲ್ಲಿಗೂ ಅವ್ವ ಬರಲಿಲ್ಲ. "ಮಂದ್ಯಾಗ ಕುಂತು ಕೂಸಿನಂಗ ಬಾಯಿ ತಗೀಲೇನು?" ಅನ್ನುತ್ತಿದ್ದಳು.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ, ದಿನಾ ಸಣ್ಣ ಸಣ್ಣ ವಸ್ತು ಎತ್ತಿ ಇಡಬೇಕು, ಜೋಳದ ಕಾಳು ಆರಿಸಿದರೂ ಆಯಿತು ಅಂದಳು.

"ಜ್ವಾಳಾ ಆರ್ಸಾಕ ನಾ ಏನ್ ಗುಬ್ಬಿ ಏನವಾ?" ಅಂತ ಅವ್ವ ಮುಖ ತಿರುವಿದಳು.

ಆಗ ನನಗೆ ಲೂಡೋ ಹೊಳೆಯಿತು. ಅವ್ವನಿಗೆ ಆಟದ ಹುಚ್ಚು ಮೊದಲಿಂದಲೂ ಇತ್ತು. ಮಧ್ಯಾಹ್ನ ಕಟ್ಟೆಯ ಮೇಲೆ ಚೌಕಾಬಾರದ ಮನೆ ಬರೆದು, ಕವಡೆ ಹಾಕಿ ಆಡುತ್ತಿದ್ದಳು. ಮೋಸವನ್ನೂ ಅಷ್ಟೇ ಚೆನ್ನಾಗಿ ಮಾಡುತ್ತಿದ್ದಳು. ಎದುರಿನವರ ಕಾಯಿ ಹಣ್ಣಾಗುವ ಹೊತ್ತಿಗೆ ಅದು ಅವ್ವನ ಸೆರಗಿನೊಳಗೆ ಇರುತ್ತಿತ್ತು. ಓಣಿಯ ಹೆಂಗಸರು ಆಟಕ್ಕೆ ಕೂರುವ ಮೊದಲು, "ಸೆರಗು ಝಾಡಿಸಿ ಕುಂದರವಾ ನೀ" ಅನ್ನುತ್ತಿದ್ದರು. ಈಗ ಕವಡೆ ಬೊಗಸೆಯಲ್ಲಿ ಕುಲುಕಲು ಕೈ ಬಾರದು. ಲೂಡೋದ ದಾಳವನ್ನಾದರೆ ಸಣ್ಣ ಡಬ್ಬಿಯಲ್ಲಿ ಹಾಕಿ ಕುಲುಕಬಹುದು. ಎಡಗೈಯಲ್ಲಿ ದಾಳ, ಬಲಗೈಯಲ್ಲಿ ಕಾಯಿ ನಡೆಸಬೇಕು ಅಂತ ನಿಯಮ ಮಾಡಿದೆ. ನಾನು ಪ್ರತಿ ಭಾನುವಾರ ಬಂಕಾಪುರದ ಮೇಲೆ ಹಾಯುವ ಬಸ್ಸಿಗೆ ಹಾನಗಲ್ಲಿಗೆ ಹೋಗುವವಳು. ಅವ್ವ, ವೈನಿ, ನಾನು, ಮೂವರ ಆಟ.

ಮೊದಲ ಭಾನುವಾರವೇ ಚೀಲದ ಬಣ್ಣ ಬಯಲಾಯಿತು. ಹಾಸು ಅಂದರೆ ತೆಳು ರಟ್ಟಿಗೆ ಅಂಟಿಸಿದ ಕಾಗದ. ಮಡಿಕೆಯ ಹತ್ತಿರ ಡೇರೆಯ ಹಾಗೆ ಎದ್ದು ನಿಂತಿತ್ತು. ನಾಲ್ಕು ಮೂಲೆಗೆ ನಾಲ್ಕು ಲೋಟ ಹೇರಿ ಕೂರಿಸಿದೆವು. ಕಾಯಿಗಳಂತೂ ಒಳಗೆ ಟೊಳ್ಳು, ಎರಡು ಸಿಪ್ಪೆ ಸೇರಿಸಿದ ಜಾಗದಲ್ಲಿ ಚೂಪಾದ ಅಂಚು. ಫ್ಯಾನ್ ಹಾಕಿದರೆ ತಾವೇ ಮನೆ ಬದಲಿಸುತ್ತಿದ್ದವು. "ಇವು ದಾಳಾ ಹಾಕದನ ನಡಿತಾವಲ್ಲ" ಅಂದರು ವೈನಿ. ನಕ್ಕು, ಫ್ಯಾನ್ ಆರಿಸಿ ಆಡಿದೆವು.

ಅವ್ವ ಹೆಬ್ಬೆರಳು, ತೋರುಬೆರಳು ಕೂಡಿಸಿ ಕಾಯಿಯ ಹತ್ತಿರ ಒಯ್ಯುತ್ತಿದ್ದಳು. ಮುಟ್ಟಿದ ತಕ್ಷಣ ಅದು ಟಪ್ ಅಂತ ಹಾರಿ ಮಂಚದ ಕೆಳಗೆ. ಮತ್ತೆ ಹುಡುಕು, ಮತ್ತೆ ಇಡು, ಮತ್ತೆ ಟಪ್. ಮೂರು ಭಾನುವಾರ ಇದೇ ಆಯಿತು. ಮೂರನೆಯದಕ್ಕೆ ನನ್ನ ತಾಳ್ಮೆ ಕೆಟ್ಟಿತು.

"ಮನಸ್ಸಿಟ್ಟು ಹಿಡಿಯವ್ವ! ಮನಸ್ಸ ಇಲ್ಲ ನಿನಗ. ವೈನಿ ಉಣಸ್ತಾರಲ್ಲ, ಅದ ಆರಾಮ ಆಗೇತಿ."

ಹೌದು, ಹಾಗೇ ಅಂದೆ. ಬಾಯಿಂದ ಹೊರಬಿದ್ದ ಮೇಲೆ ತಿರುಗಿ ನುಂಗಲು ಬರುವುದಿಲ್ಲವಲ್ಲ. ಅವ್ವ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. "ಈ ಕೈ ಸತ್ತೈತಿ. ಸತ್ತದ್ದರ ಮುಂದ ಯಾಕ ಒದರ್ತಿ?" ಅಂದಳು. ಎದ್ದು ಒಳಗೆ ಹೋದಳು.

ಮರುದಿನ ವೈನಿ ಫೋನ್ ಮಾಡಿದರು. "ಅತ್ತಿ ವ್ಯಾಯಾಮದ ಹುಡುಗಿಗೂ ಬರಬ್ಯಾಡಂತ ಹೇಳಿ ಕಳಿಸ್ಯಾರವಾ. ಇನ್ನ ಏನೂ ಬ್ಯಾಡಂತ." ವೈನಿಯ ದನಿಯಲ್ಲಿ ಒಂದಿಷ್ಟೂ ಆಕ್ಷೇಪವಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ವಾರ ಒಂದು ಮದುವೆಯ ಬ್ಲೌಸ್ ಮುಟ್ಟಿಸಲು ಸವಣೂರಿಗೆ ಹೋಗಿದ್ದೆ. ಬಾಯಾಡಿಸಲು ಅಲ್ಲಿಯ ಕುರುಕಲು ಖಾರಾ ಕಟ್ಟಿಸಿಕೊಂಡು ಬಸ್ಸಿಗೆ ಬರುವಾಗ ಓಣಿಯೊಂದರಲ್ಲಿ ಆಟಿಕೆ, ಪಾಟಿಚೀಲ ಮಾರುವ ಹಳೆಯ ಅಂಗಡಿ ಕಂಡಿತು. ನನ್ನ ಪರ್ಸಿನಲ್ಲಿ ಅವ್ವನ ಲೂಡೋದ ಒಂದು ಕೆಂಪು ಕಾಯಿ ಇತ್ತು, ಇದಕ್ಕಿಂತ ದೊಡ್ಡದು ಸಿಕ್ಕರೆ ನೋಡೋಣ ಅಂತ ಇಟ್ಟುಕೊಂಡಿದ್ದೆ. ಅಂಗಡಿಯ ಚಾಚಾಗೆ ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಚಷ್ಮಾ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವ್ವ, ಲಕ್ವಾ, ಹಾರುವ ಕಾಯಿ, ಅವಳ ಹಟ.

ಅವರು ಕಾಯಿಯನ್ನು ಇಸಿದುಕೊಂಡು ಮುಂದಿನ ಗಾಜಿನ ಮೇಜಿನ ಮೇಲೆ ನಿಲ್ಲಿಸಿದರು. "ಅಕ್ಕಾರ, ಇದನ್ನ ಎತ್ತರಿ. ಹೆಬ್ಬಟ್ಟು, ಕಿರಿಬಟ್ಟು ಎರಡ ಹಚ್ಚಬೇಕು."

"ಅದೇನ್ ದೊಡ್ಡ ಮಾತ್ರಿ?" ಅಂದೆ. ದಿನಾ ಸೂಜಿಗೆ ದಾರ ಪೋಣಿಸುವ ಕೈ ನನ್ನದು. ಹೆಬ್ಬೆರಳು, ಕಿರುಬೆರಳು ಕೂಡಿಸಿ ಹಿಡಿದೆ. ಟಪ್. ಕಾಯಿ ಪಾಟಿಚೀಲಗಳ ನಡುವೆ ಹೋಗಿ ಬಿತ್ತು. ಎರಡನೇ ಸಲವೂ ಟಪ್. ಮೂರನೇ ಸಲ ಬೆವರು ಬಂತು.

"ಲಕ್ವಾ ಆದವರ ಎಲ್ಲಾ ಬಟ್ಟೂ ನಿಮ್ಮ ಕಿರಿಬಟ್ಟಿನಂಗ ಇರ್ತಾವ್ರಿ" ಅಂದರು ಚಾಚಾ. "ನಮ್ಮ ಭಾವಗ ಆಗಿತ್ತು, ಅದಕ ಗೊತ್ತು. ನೀವು ಅವರಿಗೆ ಬೈದಿಲ್ಲ ಹೌದಿಲ್ಲೋ?"

ನಾನು ಖಾರಾದ ಚೀಲದ ಬಾಯಿಯನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದೆ. ಅವರಿಗೆ ತಿಳಿಯಿತು. ಮತ್ತೆ ಕೇಳಲಿಲ್ಲ.

ಅಯಸ್ಕಾಂತದ್ದು ಕೊಡಿ ಅಂದರೆ, ಅದರ ಕಾಯಿ ಇನ್ನೂ ಸಣ್ಣವು, ಬೇಡ ಅಂದರು. ಮೇಲಿನ ಹಲಗೆಯಿಂದ ಧೂಳು ಹಿಡಿದ ಒಂದು ಕಟ್ಟಿಗೆಯ ಚದುರಂಗ ಇಳಿಸಿದರು. ಅದರಲ್ಲಿ ಒಂದು ಆನೆ ಕಳೆದುಹೋಗಿತ್ತು, ಹಾಗಾಗಿ ಯಾರೂ ಒಯ್ದಿರಲಿಲ್ಲ. "ನಿಮಗ ಆನಿ ಯಾಕ ಬೇಕು? ಪ್ಯಾದೆ ಪೂರಾ ಅದಾವು" ಅಂದು ಹದಿನಾರು ಪ್ಯಾದೆಗಳನ್ನು, ಅಂದರೆ ಕಾಲಾಳುಗಳನ್ನು, ಸಾಲಾಗಿ ನಿಲ್ಲಿಸಿದರು. ಗುಂಡು ತಲೆ, ಕೆಳಗೆ ಸಣ್ಣ ಕೊರಳು, ಅಗಲವಾದ ಬುಡ, ಕೈಗೆ ಹತ್ತುವಷ್ಟು ಭಾರ. ಕಿರುಬೆರಳು ಹಚ್ಚಿ ಎತ್ತಿದೆ. ಬಂತು. ಅರ್ಧ ಬೆಲೆಗೆ ಕೊಟ್ಟರು. ಹೊರಡುವಾಗ ನಾನು ಕೊಟ್ಟ ಖಾರಾವನ್ನು ಒಂದು ಹಿಡಿ ತೆಗೆದುಕೊಂಡರು.

ಹೇಳುವುದಿಷ್ಟೇ. ನೀವೂ ಇಂಥದ್ದು ತರುವುದಿದ್ದರೆ, ಅಗ್ಗದ್ದನ್ನೇ ತನ್ನಿ, ತಪ್ಪಿಲ್ಲ. ಆದರೆ ಅಂಗಡಿಯವರು ಮುಖ ಗಂಟು ಹಾಕಿದರೂ ಬಿಚ್ಚಿಸಿ ನೋಡಿ. ಹಾಸನ್ನು ಗಾಜಿನ ಮೇಲೆ ಹರವಿ, ಅದು ಮಲಗುತ್ತದೋ ಇಲ್ಲವೋ. ಒಂದು ಕಾಯಿಯನ್ನು ಊದಿ, ನಿಲ್ಲುತ್ತದೋ ಇಲ್ಲವೋ. ಆಮೇಲೆ ಆಡುವವರ ಕೈ ನೆನಪಿಸಿಕೊಂಡು ಎತ್ತಿ ನೋಡಿ. ನಿಮ್ಮ ಕೈ ನೆನಪಿಸಿಕೊಂಡಲ್ಲ.

ಹದಿನಾರು ಪ್ಯಾದೆ ಬಂದವು, ಆದರೆ ಬಣ್ಣ ಎರಡೇ, ಕಪ್ಪು ಮತ್ತು ಬಿಳಿ. ಲೂಡೋಕ್ಕೆ ನಾಲ್ಕು ಬೇಕು. ಸೀರೆಗೆ ಕುಚ್ಚು ಕಟ್ಟುವ ರೇಷ್ಮೆ ದಾರ ನನ್ನ ಹತ್ತಿರ ಬೇಕಾದಷ್ಟಿತ್ತು. ನಾಲ್ಕು ನಾಲ್ಕು ಪ್ಯಾದೆಗೆ ಕೆಂಪು, ಹಸಿರು, ಹಳದಿ, ನೀಲಿ ದಾರವನ್ನು ಕೊರಳಿಗೆ ಒತ್ತೊತ್ತಾಗಿ ಸುತ್ತಿ ಅಂಟು ಹಚ್ಚಿದೆ. ದಾರಕ್ಕೆ ಬೆರಳು ಜಾರಲಿಲ್ಲ, ಅದು ನಾನು ಎಣಿಸದೆ ಸಿಕ್ಕ ಲಾಭ. ಡೇರೆಯಾಗಿದ್ದ ಹಾಸಿನ ಹಿಂದೆ, ಕಾಲರಿಗೆ ಹಾಕುವ ಬಿರುಸು ಬಕ್ರಮ್ ಬಟ್ಟೆ ಅಂಟಿಸಿ, ಇಸ್ತ್ರಿ ಒತ್ತಿದೆ. ಚಾಪೆಯ ಹಾಗೆ ಮಲಗಿತು.

ಭಾನುವಾರ ಅವ್ವ ಬಾಗಿಲಿಂದಲೇ ನೋಡಿದಳು. "ಇವ್ಯಾವ ಗೊಂಬಿ? ಕೊಳ್ಳಾಗ ಸರಾ ಬ್ಯಾರೆ ಹಾಕ್ಯಾಳ."

"ಅವ್ವ, ಆ ಮೊದಲಿನ ಕಾಯಿ ನನಗೂ ಎತ್ತಾಕ ಬರಲಿಲ್ಲ. ಅದರದ ತಪ್ಪಿತ್ತು, ನಿನ್ನ ಕೈದಲ್ಲ."

ಅವ್ವ ಹತ್ತಿರ ಬಂದಳು. "ಮತ್ತ ಅವತ್ತ ನನಗ್ಯಾಕ ಬೈದಿ?"

"ತಪ್ಪಾತವ್ವ."

"ಏನಂದಿ? ಕೇಳಲಿಲ್ಲ."

"ತಪ್ಪಾತು ಅಂದೆ!"

"ಹಾಂ. ಕೆಂಪು ನನಗ ಬ್ಯಾಡ, ಹಸರು ಕೊಡು" ಅಂದು ಕೂತಳು.

ಅವತ್ತು ನಾಲ್ಕು ಮನೆ ನಡೆಸಿದಳು. ಒಂದೊಂದು ಮನೆಗೂ ಎಷ್ಟು ಹೊತ್ತಾಯಿತೆಂದರೆ ವೈನಿ ನಡುವೆ ಹೋಗಿ ಬೇಳೆಗೆ ಒಗ್ಗರಣೆ ಹಾಕಿ ಬಂದರು. ವ್ಯಾಯಾಮದ ಹುಡುಗಿ ಮತ್ತೆ ಬರತೊಡಗಿದಳು. ವಾರಗಳು ಹೋದವು. ಕೆಲವು ದಿನ ಕೈ ಬರುತ್ತಿತ್ತು, ಕೆಲವು ದಿನ ಏನು ಮಾಡಿದರೂ ಇಲ್ಲ. ಬಂದ ಕಾಯಿಯನ್ನು ಬಿಡುವುದು ಹಿಡಿಯುವುದಕ್ಕಿಂತ ಕಷ್ಟವಾಗಿತ್ತು. ಬೆರಳು ಮುಚ್ಚಿದರೆ ತೆರೆಯುತ್ತಿರಲಿಲ್ಲ. ಊಟ ಇನ್ನೂ ಒಳಕೋಣೆಯಲ್ಲೇ.

ಶೀಗಿ ಹುಣ್ಣಿಮೆಯ ಹಿಂದಿನ ಭಾನುವಾರ ನಾನು ಗೆಲ್ಲುತ್ತಿದ್ದೆ. ಕೊನೆಯ ಕೆಂಪು ಕಾಯಿಗೆ ಇನ್ನು ಎರಡೇ ಮನೆ. ಕುಡಿಯುವ ನೀರು ತರಲು ಎದ್ದು ಹೋಗಿ ಬಂದು ನೋಡಿದರೆ ಕಾಯಿ ಇಲ್ಲ. ರೂಢಿಯಂತೆ ಮಂಚದ ಕೆಳಗೆ ಬಗ್ಗಿದೆ. ಬಗ್ಗಿದ ಮೇಲೆ ನೆನಪಾಯಿತು, ಇವು ಹಾರುವ ಕಾಯಿಗಳಲ್ಲ. ತಲೆ ಎತ್ತಿದರೆ ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವ್ವನ ಎಡಗೈ ಚಾಪೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇತ್ತು. ಬಲಗೈ ಸೆರಗಿನೊಳಗೆ.

"ಅವ್ವ! ಕಾಯಿ ಕೊಡು."

"ಯಾವ ಕಾಯಿ?"

"ಕೈ ತಗಿ ಹೊರಗ."

ತೆಗೆದಳು. ಮುಷ್ಟಿ ಬಿಗಿಯಾಗಿತ್ತು. "ಬಿಡಸಾಕ ಬರವಲ್ದವಾ. ನೀನ ಬಿಡಿಸ್ಕೋ" ಅಂದಳು, ದೊರೆಯ ಹಾಗೆ ಕೈ ಚಾಚಿ.

ನಾನು ಒಂದೊಂದೇ ಬೆರಳು ಬಿಡಿಸಿದೆ. ಒಳಗೆ ನನ್ನ ಕೆಂಪು ಕೊರಳಿನ ಪ್ಯಾದೆ ಬೆಚ್ಚಗಿತ್ತು. ಅಂಗೈ ಮೇಲೆ ದಾರದ ಗೆರೆಗಳು ಮೂಡಿದ್ದವು. ಕಳ್ಳಿ ಅನ್ನಬೇಕು ಅಂತಿದ್ದವಳು ಆ ಗೆರೆಗಳನ್ನು ಹೆಬ್ಬೆರಳಿಂದ ತೀಡಿದೆ.

ಆ ಮಧ್ಯಾಹ್ನ ವೈನಿ ತಾಟನ್ನು ಒಳಗೆ ಒಯ್ಯಲಿಲ್ಲ. ರೊಟ್ಟಿಯನ್ನು ಮುರಿದು ತುಣುಕು ಮಾಡಿ, ಪಲ್ಯ ಬಡಿಸಿ, ಪಡಸಾಲೆಯಲ್ಲಿ ಅಣ್ಣನ ಪಕ್ಕ, ಅವ್ವನ ಮುಂದೆ ಇಟ್ಟರು.

"ಕದಿಯಾಕ ಬರು ಕೈಗೆ ಉಣ್ಣಾಕೂ ಬರ್ತೈತಿ. ಉಣ್ರಿ ಅತ್ತಿ."

ಅವ್ವ ವೈನಿಯನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ಬಲಗೈಯನ್ನು ತಾಟಿಗೆ ಇಳಿಸಿದಳು. ಮೊದಲ ತುಣುಕು ಬಾಯಿಗೆ ಹೋಯಿತು, ಪಲ್ಯ ಸೀರೆಗೆ ಬಿತ್ತು. ಎರಡನೆಯದು ಅರ್ಧದಲ್ಲೇ ಜಾರಿತು. ನಾವು ಮೂವರೂ ಉಣ್ಣುವುದನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದೆವು.

"ನನ್ನ ಕಡೆ ಏನ್ ನೋಡ್ತೀರಿ?" ಅಂದಳು ಅವ್ವ, ಮೂರನೆಯ ತುಣುಕು ಹಿಡಿಯುತ್ತಾ. "ನಿಮ್ಮ ನಿಮ್ಮ ತಾಟು ನೋಡ್ಕೋರಿ."