ಗಾಳಿಗೆ ತಕ್ಕ ಪೆಟ್ರೋಲು: ಸಿಂಗಾರವೇಲು ಮಾಸ್ಟರ್ ಅವರ ಮೂವತ್ತಮೂರು ವರ್ಷ

ಕೊಯಮತ್ತೂರಿನಲ್ಲಿ ಮೋಟಾರ್ ಸೈಕಲ್ಲಿಗೆ ಸದ್ದಿನ ಸೈಲೆನ್ಸರ್ ಕೂರಿಸುವವರಿಗೆ ಎಂದೂ ಬರವಿರಲಿಲ್ಲ. ಆದರೆ ಸೈಲೆನ್ಸರ್ ಬದಲಿಸಿ, ಏರ್ ಫಿಲ್ಟರಿನ ಡಬ್ಬಿ ಕಿತ್ತು ತೆರೆದ ಫಿಲ್ಟರ್ ಹಾಕಿದ ಮೇಲೆ, ಹೆಚ್ಚಾಗಿ ಒಳನುಗ್ಗುವ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನೂ ಒದಗಿಸಬೇಕೆಂಬುದನ್ನು ಒಂದು ವಿದ್ಯೆಯೆಂದೇ ಗೌರವಿಸಿ, ಅದನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದವರು ಶ್ರೀ ಪೂ. ಸಿಂಗಾರವೇಲು ಅವರು. ಪೀಳಮೇಡಿನ ನಮ್ಮ ಪಾಲಿಟೆಕ್ನಿಕ್ಕಿನ ವಾಹನ ವಿಭಾಗದಲ್ಲಿ ಅವರು ಮೂವತ್ತಮೂರು ವರ್ಷ ದುಡಿದು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಊರಿನ ಅರ್ಧದಷ್ಟು ವರ್ಕ್‌ಶಾಪುಗಳು ಒಂದು ದಿನ ಬಾಗಿಲು ಹಾಕಿ ಸಭೆಗೆ ಬರಲಿವೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಈ ಅಭಿನಂದನಾ ಗ್ರಂಥದ ಈ ಲೇಖನವನ್ನು ಅವರ ಹಳೆಯ ವಿದ್ಯಾರ್ಥಿನಿ ತಿಲಕವತಿಯವರೇ ಬರೆಯಬೇಕಿತ್ತು. "ನಂಗೆ ಸ್ಪ್ಯಾನರ್ ಹಿಡಿಯೋಕೆ ಬರುತ್ತೆ, ಪೆನ್ನು ಹಿಡಿಯೋಕೆ ಬರಲ್ಲ" ಎಂದು ಅವರು ನಯವಾಗಿ ಜಾರಿಕೊಂಡದ್ದರಿಂದ, ಅವರು ಹೇಳಿದ್ದನ್ನು ಕಾಲೇಜಿನ ಕಚೇರಿಯವರು ಬರೆದಿಟ್ಟಿದ್ದೇವೆ.

ತಿಲಕವತಿ ನಮ್ಮ ವಾಹನ ವಿಭಾಗಕ್ಕೆ ಸೇರಿದ ಮೊದಲ ಹುಡುಗಿ. ಮೊದಲ ವಾರ ತರಗತಿಯಲ್ಲಿ ಯಾರೋ ಅವಳ ಮೇಜಿನ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ಇಟ್ಟು ನಕ್ಕಿದ್ದರು. ಮಾಸ್ಟರ್ ಯಾರನ್ನೂ ಬೈಯಲಿಲ್ಲ. ಆ ಡಬ್ಬಿಯನ್ನು ಎತ್ತಿಕೊಂಡು, "ಒಳ್ಳೆ ಎಣ್ಣೆ ಕಣಮ್ಮಾ, ತೆಗೆದಿಡು, ಕೇಬಲ್ಲಿಗೆ ಬಿಡೋಕಾಗುತ್ತೆ" ಎಂದು ಹೇಳಿ, ಅವತ್ತೇ ಅವಳ ಕೈಗೆ ಒಂದು ಕಾರ್ಬುರೇಟರ್ ಕೊಟ್ಟರು. ನಕ್ಕವರಿಗೆ ಆ ವರ್ಷವಿಡೀ ಕಾರ್ಬುರೇಟರ್ ತೊಳೆಯುವ ಕೆಲಸವೇ ಸಿಕ್ಕಿತು. ಮೂರನೆಯ ವರ್ಷದ ಹೊತ್ತಿಗೆ, ಪೆಟ್ರೋಲು ಹಾದುಬರುವ ಜೆಟ್ ಎಂಬ ಪುಟ್ಟ ಹಿತ್ತಾಳೆ ತಿರುಪಿನ ರಂಧ್ರವನ್ನು ಕೂದಲೆಳೆಯಷ್ಟು ಹಿಗ್ಗಿಸುವುದರಲ್ಲಿ ಅವಳ ಕೈ ಮಾಸ್ಟರ ಕೈಗೆ ಸಮನಾಗಿತ್ತು. ದೊಡ್ಡ ರಂಧ್ರದ ಜೆಟ್ಟುಗಳು ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಸೂಜಿಯಂಥ ಡ್ರಿಲ್ಲನ್ನು ಬೆರಳಲ್ಲೇ ತಿರುವಿ ಹಿಗ್ಗಿಸಬೇಕಿತ್ತು. ಹಿಗ್ಗಿಸಿದ ಮೇಲೂ ಜೆಟ್ಟಿನ ತಲೆಯ ಮೇಲೆ ಕೊರೆದ ಹಳೆಯ ನಂಬರೇ ಉಳಿಯುತ್ತಿದ್ದುದರಿಂದ, ಅದಲುಬದಲಾಗದಂತೆ ಒಂದು ಬಟ್ಟೆಯ ಮೇಲೆ ಎರಡು ಜೆಟ್ ಇಡಕೂಡದೆಂಬುದು ಮಾಸ್ಟರ ಕಟ್ಟಾಜ್ಞೆಯಾಗಿತ್ತು.

ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ತಿಲಕವತಿ ಸಿಂಗಾನಲ್ಲೂರಿನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದಳು. ನಾಲ್ಕನೆಯ ತಿಂಗಳಲ್ಲಿ ಬಂದವನು ಗುಣಾಳನ್. ನೂಲಿನ ಗಿರಣಿಯಲ್ಲಿ ಫಿಟ್ಟರ್. ಮದುವೆಯಾಗಿ ಹದಿನಾರು ದಿನ. ತನ್ನ ಟೂ ಸ್ಟ್ರೋಕ್ ಗಾಡಿಗೆ ಮಿರುಗುವ ಹೊಸ ಸೈಲೆನ್ಸರ್, ತೆರೆದ ಫಿಲ್ಟರ್ ಎರಡನ್ನೂ ಹಾಕಿಸಿಕೊಂಡ. ಶನಿವಾರ ಹೆಂಡತಿಯನ್ನು ಕೂರಿಸಿಕೊಂಡು ವಾಲ್ಪಾರೈಗೆ ಹೊರಡುವವನಿದ್ದ.

"ಅಕ್ಕಾ, ಬೆಟ್ಟ ಹತ್ತುವಾಗ ಹಿಂದೆ ಇರೋ ಬಸ್ಸಿನೋರು ಹೊಟ್ಟೆ ಉರ್ಕೋಬೇಕು, ಹಂಗಿರ್ಬೇಕು ಗಾಡಿ" ಎಂದಿದ್ದ.

ತಿಲಕವತಿ ಜೆಟ್ ಹಿಗ್ಗಿಸಿದಳು. ಕೈ ತಪ್ಪಿ ಹಾಳಾದರೆ ಇರಲೆಂದು ಅದೇ ನಂಬರಿನ ಇನ್ನೊಂದನ್ನು ತಂದು ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಗಾಡಿಯನ್ನು ಅಂಗಳದಲ್ಲಿ ಎರಡು ಸುತ್ತು ಹೊಡೆಸಿ ನೋಡಿದಾಗ ಸೊಗಸಾಗಿತ್ತು. ಸೊಗಸಾಗಿಯೇ ಇರುತ್ತದೆ; ಮುಖ್ಯ ಜೆಟ್ಟಿನ ಗುಣ ತಿಳಿಯುವುದು ಆಕ್ಸಿಲರೇಟರನ್ನು ಪೂರ್ತಿ ತಿರುಪಿದಾಗ ಮಾತ್ರ. ಹಾಗೆ ಒಂದು ಮೈಲಿ ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಿಯೇ ಗಾಡಿಯನ್ನು ಕೊಡಬೇಕೆಂಬುದು ಮಾಸ್ಟರ ಇನ್ನೊಂದು ಆಜ್ಞೆ. ಗುಣಾಳನ್ ಅವಸರಪಡಿಸಿದ, ಅವಳಿಗೂ ತನ್ನ ಕೈಯ ಮೇಲೆ ತುಸು ಹೆಚ್ಚೇ ನಂಬಿಕೆಯಿತ್ತು, ಗಾಡಿ ಹೋಯಿತು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಮೇಜು ಒರೆಸುವಾಗ ಬಟ್ಟೆಯಲ್ಲಿ ಜೆಟ್ ಸಿಕ್ಕಿತು. ಹಿಗ್ಗಿಸಿದ ಅಳತೆಯ ತಂತಿ ತೂರಿಸಿ ನೋಡಿದಳು. ಸಲೀಸಾಗಿ ಒಳಹೋಯಿತು. ಹಿಗ್ಗಿಸಿದ್ದು ಇಲ್ಲೇ ಉಳಿದಿತ್ತು. ಹಿಗ್ಗಿಸದೆ ಇದ್ದದ್ದು ಗುಣಾಳನ ಗಾಡಿಯಲ್ಲಿತ್ತು.

ಗಾಳಿ ಹೆಚ್ಚಿ ಪೆಟ್ರೋಲು ಸಾಲದ ಎಂಜಿನ್ ಕಾದು ಕೆಂಡವಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹಿಂದಿನ ಚಕ್ರ ಓಡುತ್ತಿದ್ದಂತೆಯೇ ನಿಂತುಬಿಡುತ್ತದೆ. ವಾಲ್ಪಾರೈ ಬೆಟ್ಟದ ಬುಡದ ಆಳಿಯಾರಿನಿಂದ ಮೇಲಕ್ಕೆ ನಲವತ್ತು ತಿರುವುಗಳು. ಅಲ್ಲಿ ಪೂರ್ತಿ ತಿರುಪದೆ ಯಾವ ಗಾಡಿಯೂ ಇಬ್ಬರನ್ನು ಹತ್ತಿಸುವುದಿಲ್ಲ. ಕೈಯಲ್ಲಿ ಹಿಡಿದು ಓಡಾಡುವ ಫೋನು ಯಾರ ಬಳಿಯೂ ಇರದ ಕಾಲ ಅದು. ಅವಳಿಗೆ ತೋಚಿದ್ದು ಮಾಸ್ಟರೊಬ್ಬರೇ.

ಪಾಲಿಟೆಕ್ನಿಕ್ಕಿನಲ್ಲಿ ಅಂದು ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಕುರ್ಚಿಯಲ್ಲಿ ಕೂತಿದ್ದರು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ತಿಲಕವತಿಯನ್ನು ಕಂಡು ಮಾಸ್ಟರ್ ಹೊರಗೆ ಬಂದರು.

"ತಪ್ಪು ಜೆಟ್ ಹಾಕಿ ಕಳಿಸ್ಬಿಟ್ಟೆ ಮಾಸ್ಟರ್. ಗಂಡ ಹೆಂಡ್ತಿ ಇಬ್ರೂ ವಾಲ್ಪಾರೈ ದಾರೀಲಿದ್ದಾರೆ."

"ಹೊರಟು ಎಷ್ಟೊತ್ತಾಯ್ತು?"

"ಏಳೂವರೆಗೆ ಅಂದಿದ್ದ."

ಮಾಸ್ಟರ್ ಮೇಲಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದರು. ಪರೀಕ್ಷಕರು ಎದ್ದು ನಿಂತರು. "ಏನ್ರೀ ಇದು? ಪರೀಕ್ಷೆ ನಡೀತಿದೆ!"

"ನಡೀಲಿ ಸಾರ್. ಇನ್ನೊಬ್ಬ ಮೇಷ್ಟ್ರಿದ್ದಾರೆ, ನೋಡ್ಕೋತಾರೆ. ಬಂದ್ಬಿಡ್ತೀನಿ" ಎಂದವರೇ ತಮ್ಮ ಗಾಡಿಯ ಕೀಲಿಯನ್ನು ತಿಲಕವತಿಯ ಅಂಗೈಗೆ ಹಾಕಿದರು. "ನೀನೇ ಓಡ್ಸು. ನಡುಗೋ ಕೈಗೆ ಏನಾದ್ರೂ ಕೆಲ್ಸ ಬೇಕು."

ಪೊಳ್ಳಾಚಿ ದಾಟಿದರು. ಹುಣಸೆಮರಗಳ ನೇರ ರಸ್ತೆಯಲ್ಲಿ ಜನ ಗುಂಪುಗೂಡಿದ್ದನ್ನು ಕಂಡಾಗಲೆಲ್ಲ ಅವಳು ವೇಗ ತಗ್ಗಿಸಿ ಕತ್ತು ಚಾಚುತ್ತಿದ್ದಳು. ಒಂದು ಕಡೆ ಎಳನೀರಿನ ಗಾಡಿ, ಇನ್ನೊಂದು ಕಡೆ ಕೆಟ್ಟುನಿಂತ ಲಾರಿ. ಆಳಿಯಾರ್ ಅಣೆಕಟ್ಟಿನ ಹತ್ತಿರ, ಮೀನು ಕರಿಯುವ ಅಂಗಡಿಗಳ ಸಾಲಿನ ಮುಂದೆ, ಬಿಸಿಲಿಗೆ ಮಿರುಗುವ ಸೈಲೆನ್ಸರ್ ಕಂಡಿತು. ಗಾಡಿ ನೆಟ್ಟಗೆ ನಿಂತಿತ್ತು. ಪಕ್ಕದ ಬೆಂಚಿನ ಮೇಲೆ ಗುಣಾಳನೂ ಅವನ ಹೆಂಡತಿ ಅಂಜುಗಮ್ಮಳೂ ಮೀನಿನ ಮುಳ್ಳು ಬಿಡಿಸುತ್ತಿದ್ದರು. ತಿಲಕವತಿ ಗಾಡಿ ನಿಲ್ಲಿಸಿ ರಸ್ತೆಯಂಚಿನಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ಅಷ್ಟು ನಿರಾಳವಾದ ಅಳು ತನಗೆ ಮತ್ತೆಂದೂ ಬಂದಿಲ್ಲವೆನ್ನುತ್ತಾರೆ ಅವರು.

"ಏನಕ್ಕಾ ಇದು, ಇಷ್ಟು ದೂರ?" ಎಂದ ಗುಣಾಳನ್ ಗಾಬರಿಯಿಂದ.

ತಿಲಕವತಿ ಮಾಸ್ಟರ ಮುಖ ನೋಡಿದಳು. ಅವರು ಅಣೆಕಟ್ಟಿನ ನೀರು ನೋಡುತ್ತಿದ್ದರು. ಹೇಳಬೇಕಾದವಳು ತಾನೇ ಎಂದು ಅವಳಿಗೆ ಅರ್ಥವಾಯಿತು. ಒಂದೂ ಬಿಡದೆ ಹೇಳಿದಳು.

ಗುಣಾಳನ ಮುಖ ಬಿಳಿಚಿತು. "ಮತ್ತೆ ಇಲ್ಲೀವರ್ಗೂ ಹೆಂಗೆ ಬಂತು?"

"ನನ್ನಿಂದ ಬಂತು" ಎಂದಳು ಅಂಜುಗಮ್ಮ, ಕೈ ತೊಳೆಯುತ್ತಾ. "ಸ್ಪೀಡು ನಲವತ್ತು ದಾಟಿದ್ರೆ ಸೊಂಟ ಜಿಗುಟ್ತೀನಿ ಅಂದಿದ್ದೆ. ಜಿಗುಟಿ ಜಿಗುಟಿ ನನ್ನ ಬೆರಳು ನೋಯ್ತಿದೆ. ಬೆಳಿಗ್ಗೆಯಿಂದ ನನ್ನ ಹೆದರುಪುಕ್ಕಿ ಅಂತಾ ಇದ್ರಲ್ಲಾ, ಈಗ ಅನ್ನಿ!"

ಮಾಸ್ಟರ್ ಮೊದಲ ಸಲ ನಕ್ಕರು. "ಇನ್ಮೇಲೆ ಎಲ್ಲಾ ಗಾಡಿಗೂ ಒಬ್ಬೊಬ್ರು ಅಂಜುಗಮ್ಮನ್ನ ಕೂರಿಸಿ ಕಳಿಸ್ಬೇಕು" ಎಂದರು.

ಪ್ಲಗ್ ಬಿಚ್ಚಿದಾಗ, ಪೆಟ್ರೋಲು ಸಾಲದ್ದಕ್ಕೆ ಸಾಕ್ಷಿಯಾಗಿ ಅದು ಸುಣ್ಣದ ಹಾಗೆ ಬಿಳಿಯಾಗಿತ್ತು. ತಿಲಕವತಿ ತಾನು ತಂದಿದ್ದ ಹಿಗ್ಗಿಸಿದ ಜೆಟ್ ಹಾಕಿ, ನೇರ ರಸ್ತೆಯಲ್ಲಿ ಪೂರ್ತಿ ತಿರುಪಿ ಓಡಿಸಿ, ಮತ್ತೆ ಬಿಚ್ಚಿದಾಗ ಹದವಾಗಿ ಹುರಿದ ಕಾಫಿ ಬೀಜದ ಬಣ್ಣ ಬಂದಿತ್ತು. ದಂಪತಿಗಳು ಬೆಟ್ಟ ಹತ್ತಿದರು. ಮೂರನೆಯ ತಿರುವಿನವರೆಗೂ ಆ ಸದ್ದು ಕೇಳಿಸುತ್ತಿತ್ತು. ಮಾಸ್ಟರ್ ಕಣ್ಣು ಮುಚ್ಚಿ ಕೇಳಿ, "ಸರಿಯಿದೆ, ನಡಿ" ಎಂದರು.

ಇಷ್ಟು ತಿಲಕವತಿಯವರಿಗೆ ಗೊತ್ತಿದ್ದದ್ದು. ಗೊತ್ತಿಲ್ಲದ್ದು ಈ ಗ್ರಂಥಕ್ಕಾಗಿ ಮಾಸ್ಟರ ಸೇವಾ ಕಡತವನ್ನು ತೆಗೆದಾಗ ನಮ್ಮ ಕೈಗೆ ಬಂತು. ಪರೀಕ್ಷೆ ನಡೆಯುವಾಗ ಅನುಮತಿಯಿಲ್ಲದೆ ಹೊರಟುಹೋದದ್ದಕ್ಕೆ ಅವರಿಗೆ ಛೀಮಾರಿಯ ಪತ್ರ ಕೊಡಲಾಗಿತ್ತು. ಅದೇ ಕಾರಣಕ್ಕೆ ವಿಭಾಗದ ಮುಖ್ಯಸ್ಥರ ಹುದ್ದೆ ಅವರಿಗೆ ಆರು ವರ್ಷ ತಡವಾಗಿ ಬಂತು. ವಿವರಣೆ ಕೇಳಿದಾಗ ಅವರು ಯಾರ ಹೆಸರನ್ನೂ ಬರೆಯದೆ ಒಂದೇ ಸಾಲು ಬರೆದಿದ್ದರು: "ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಪರೀಕ್ಷೆ ಊರ ಹೊರಗೆ ನಡೆಯುತ್ತಿತ್ತು, ಅಲ್ಲಿಗೆ ಹೋಗಿದ್ದೆ."

ಆ ಹಾಳೆಯನ್ನು ತಿಲಕವತಿಯವರಿಗೆ ತೋರಿಸಿದಾಗ ಅವರು ಅದನ್ನು ಕೈಯಲ್ಲಿ ಹಿಡಿದೇ ಎದ್ದರು. ನೇರವಾಗಿ ಮಾಸ್ಟರ ಕೊಠಡಿಗೆ ಹೋದರು.

"ಇಪ್ಪತ್ತನಾಲ್ಕು ವರ್ಷದಲ್ಲಿ ಒಂದ್ಸಲಾನೂ ಹೇಳ್ಲಿಲ್ವಲ್ಲಾ ಮಾಸ್ಟರ್?"

"ಹೇಳಿದ್ರೆ ನೀನು ಮತ್ತೆ ಡ್ರಿಲ್ ಮುಟ್ತಿದ್ಯೇನಮ್ಮಾ?" ಎಂದರು ಮಾಸ್ಟರ್.

ಈಗಿನ ಗಾಡಿಗಳಲ್ಲಿ ಜೆಟ್ಟುಗಳಿಲ್ಲ. ಪೆಟ್ರೋಲಿನ ಅಳತೆಯನ್ನು ಲ್ಯಾಪ್‌ಟಾಪಿನಲ್ಲಿ ತಿದ್ದಬೇಕು. ಆ ವಿದ್ಯೆಯನ್ನು ಕಲಿಯಲು ಮಾಸ್ಟರ್ ಬರುವ ಸೋಮವಾರದಿಂದ ತಿಲಕವತಿಯವರ ವರ್ಕ್‌ಶಾಪಿಗೆ ವಿದ್ಯಾರ್ಥಿಯಾಗಿ ಸೇರುತ್ತಿದ್ದಾರೆ. ಅವರಿಗೆ ಆಯುಸ್ಸು, ಆರೋಗ್ಯ, ಕಣ್ಣಿನ ಬೆಳಕು, ಕೈಯ ಹದ ಎಲ್ಲವೂ ಇನ್ನೂ ಬಹುಕಾಲ ಹೀಗೆಯೇ ಇರಲೆಂದು ನಾವೆಲ್ಲ ಹಾರೈಸುತ್ತೇವೆ. ಈ ಹೊಸ ವಿದ್ಯಾರ್ಥಿ ತಪ್ಪು ಮಾಡಿದರೆ ಬೆನ್ನಟ್ಟಿ ಹೋಗಿ ತಿದ್ದಲು ತಾನು ತಯಾರಾಗಿದ್ದೇನೆಂದು ತಿಲಕವತಿಯವರು ಹೇಳಿ ಕಳಿಸಿದ್ದಾರೆ.