ಪಾಲಾದ ನಕ್ಷತ್ರಮೀನು

ಕುಷ್ಟಗಿ ಸಂತೆಯಲ್ಲಿ ಪೀರಾಂಬೀಯ ಬಾಯಿಗೆ ಹೆದರದವರಿರಲಿಲ್ಲ. ಗಂಡ ಸತ್ತ ಮೇಲೆ ಅವನ ವ್ಯಾಪಾರವನ್ನು ತಾನೇ ಹಿಡಿದು, ಕಾರವಾರದ ಕಡೆಯಿಂದ ಒಣಗಿದ ನಕ್ಷತ್ರಮೀನು ತರಿಸಿ ಮಾರುತ್ತಿದ್ದಳು. ದನಗಳಿಗೆ ದೃಷ್ಟಿ ತಾಗದಿರಲೆಂದು ಜನ ಅದನ್ನು ಕೊಟ್ಟಿಗೆಗೆ ಕಟ್ಟುತ್ತಿದ್ದರು.

"ಮೈತುಂಬ ಗಂಟು ಇರೋದು ಬೇಕೋ, ನುಣ್ಣಂದು ಬೇಕೋ? ಒಂಬತ್ತು ಕಾಲಿಂದೂ ಐತಿ. ಮುಟ್ಟಿ ಮುಟ್ಟಿ ಮುರೀಬ್ಯಾಡ್ರಿ!" ಎಂದು ಗಿರಾಕಿಗಳನ್ನೇ ಗದರುವಳು.

೧೯೪೧ರ ಬೇಸಿಗೆಯಲ್ಲಿ ಅಮರಪ್ಪ, ಲಚ್ಚಪ್ಪ ಎಂಬ ಅಣ್ಣತಮ್ಮಂದಿರು ಜಗಳವಾಡುತ್ತಲೇ ಅವಳ ಮುಂದೆ ಬಂದು ನಿಂತರು. ಮನೆ ಪಾಲಾದಾಗ, ಅಪ್ಪ ಅವಳಲ್ಲಿ ಕೊಂಡಿದ್ದ ಐದು ಕಾಲಿನ ನಕ್ಷತ್ರಮೀನನ್ನೂ ಬಿಡದೆ ಕುಡುಗೋಲಿನಿಂದ ಸೀಳಿ ಹಂಚಿಕೊಂಡಿದ್ದರು.

"ಇವ ಮೂರು ಕಾಲು ಇಟಗೊಂಡು ನನಗ ಎರಡ ಕೊಟ್ಟಾನ. ನನ್ನ ಎಮ್ಮಿ ಹಾಲು ಬತ್ತಿಹೋತು!" ಎಂದ ತಮ್ಮ ಲಚ್ಚಪ್ಪ.

"ನಂದೂ ಬತ್ತೈತಿ. ಬೂಬವ್ವ, ನಿನ್ನ ಮಾಲ ಖೊಟ್ಟಿ," ಎಂದ ಅಣ್ಣ.

ಪೀರಾಂಬೀ ಎರಡೂ ಹೋಳುಗಳನ್ನು ಕಿತ್ತುಕೊಂಡು ಜೋಡಿಸಿ ನೋಡಿದಳು.

"ಸಮುದ್ರದಾಗ ಕೆಲವು ಜಾತಿಯವು ಎರಡು ತುಂಡಾದ್ರೂ, ಎರಡಕ್ಕೂ ಹೊಸ ಕಾಲು ಚಿಗತು ಪೂರ್ತಿ ಆಗ್ತಾವಂತ. ಅದು ಜೀವ ಇದ್ದಾಗಿನ ಮಾತು," ಎಂದು ಹೋಳುಗಳನ್ನು ಅವರ ಕಾಲ ಬಳಿ ಎಸೆದಳು. "ನೀವು ಹೆಣ ಪಾಲು ಮಾಡ್ಕೊಂಡು ಹಾಲು ಕೇಳಾಕ ಬಂದೀರಿ."