ಬೇಕರಿಯ ಮುಂದಿನ ಎರಡು ನೀಲಿ ಗಾಡಿಗಳು

ಅಸ್ಗರ್ ನಿಂತಲ್ಲೇ ಕನಸಿಗೆ ಜಾರುವ ಮನುಷ್ಯ. ಡೆನ್ಮಾರ್ಕಿನ ದಕ್ಷಿಣದ ನಮ್ಮ ಪುಟ್ಟ ದ್ವೀಪದಲ್ಲಿ ಇದು ಎಲ್ಲರಿಗೂ ಗೊತ್ತು. ನನ್ನ, ಅಂದರೆ ಈ ಬೋಡಿಲಳ ಬೇಕರಿಯಲ್ಲಿ ಕೂತು ಕಾಫಿ ಕಲಕಲು ಶುರು ಮಾಡಿದರೆ ಅದು ತಣ್ಣಗಾದ ಮೇಲೂ ಕಲಕುತ್ತಲೇ ಇರುತ್ತಾನೆ. ಒಮ್ಮೆ ಪಾದ್ರಿಯ ಟೋಪಿ ಹಾಕಿಕೊಂಡು ಹೊರಟುಹೋದವನು, ಇವತ್ತೇಕೋ ಜನ ವಿಪರೀತ ಮರ್ಯಾದೆ ಕೊಡುತ್ತಿದ್ದಾರಲ್ಲ ಎಂದು ಸಂಜೆಯವರೆಗೂ ಖುಷಿಯಾಗಿದ್ದ.

ಅವನ ಕೆಲಸವೂ ಕನಸಿಗೆ ಒಗ್ಗುವಂಥದ್ದೇ ಆಗಿತ್ತು. ಆಚೆ ದಡಕ್ಕೆ ಹೋಗಿಬರುವ ಫೆರಿಯಲ್ಲಿ ಹಗ್ಗ ಕಟ್ಟುವುದು, ಹಗ್ಗ ಬಿಚ್ಚುವುದು. ಮಂಜು ಕವಿದರೆ ಮುಂಭಾಗದಲ್ಲಿ ನಿಂತು ಹಿತ್ತಾಳೆಯ ಗಂಟೆ ಬಾರಿಸುವುದು. ನಿವೃತ್ತನಾದಾಗ ಆ ಹಳೆಯ ಗಂಟೆಯನ್ನು ಅವನಿಗೇ ಕೊಟ್ಟರು. ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದಾನೆ. ಧೂಳು ಒರೆಸುವುದಕ್ಕೂ ಯಾರನ್ನೂ ಮುಟ್ಟಲು ಬಿಡುವುದಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದವಳು ಮಗಳು ಸಿಗ್ನೆ ಒಬ್ಬಳೇ. ನಮ್ಮ ಬೀದಿಯ ದವಾಖಾನೆಯಲ್ಲಿ ನರ್ಸು, ತಲೆ ನೆಟ್ಟಗಿರುವ ಹುಡುಗಿ. ಅವಳಿಗೆ ಮಗಳು ಹುಟ್ಟಿದಾಗಿನಿಂದ ಅಸ್ಗರನದು ಒಂದೇ ಹಂಬಲ: ಸಿಗ್ನೆ ಕೆಲಸಕ್ಕೆ ಮರಳಿದಾಗ ವಾರಕ್ಕೊಂದು ದಿನ, ಬುಧವಾರ, ಮಗು ತನ್ನ ಜೊತೆ ಇರಬೇಕು. ಸಿಗ್ನೆಗೆ ಧೈರ್ಯವಿಲ್ಲ. ಚಿಕ್ಕವಳಿದ್ದಾಗ ಅವಳನ್ನೇ ಫೆರಿಯಲ್ಲಿ ಮರೆತು ಮನೆಗೆ ಬಂದಿದ್ದ ಅಪ್ಪ ಇವನು. ಹಗ್ಗದ ಸುರುಳಿಯ ಮೇಲೆ ಮಲಗಿದ್ದ ಮಗು ಆಚೆ ದಡಕ್ಕೆ ಹೋಗಿ ವಾಪಸು ಬಂದಿತ್ತು.

"ಒಂದೇ ಒಂದು ಬುಧವಾರ ನೋಡ್ತೀನಿ ಅಪ್ಪ," ಎಂದಳು ಕೊನೆಗೆ. "ಸರಿಹೋಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹುಡುಕ್ತೀನಿ. ಆಮೇಲೆ ಮುಖ ಸಣ್ಣ ಮಾಡ್ಕೋಬಾರ್ದು."

ಆ ಬುಧವಾರ ನವೆಂಬರಿನ ಮಂಜು. ಎದುರಿನ ಇಗರ್ಜಿಯೇ ಕಾಣುತ್ತಿರಲಿಲ್ಲ, ಅದರ ಗಡಿಯಾರದ ಸದ್ದು ಮಾತ್ರ ಎಲ್ಲಿಂದಲೋ ಬರುತ್ತಿತ್ತು. ಅಸ್ಗರ್ ಮಗುವಿನ ಗಾಡಿ ತಳ್ಳಿಕೊಂಡು ಬಂದು ನನ್ನ ಕಿಟಕಿಯ ಕೆಳಗೆ ನಿಲ್ಲಿಸಿ ಒಳಗೆ ಬಂದ. ಮಗು ಹೊರಗೇ ಮಲಗಿತ್ತು. ನಮ್ಮ ಮಕ್ಕಳೆಲ್ಲ ಮಲಗುವುದೇ ಹಾಗೆ, ಮೂಗಿನವರೆಗೆ ಹೊದ್ದು, ತಣ್ಣನೆಯ ಗಾಳಿಯಲ್ಲಿ. ಪಕ್ಕದಲ್ಲಿ ಇನ್ನೊಂದು ಗಾಡಿ ಬಂದು ನಿಂತಿತು. ಬಡಗಿಯ ಹೆಂಡತಿ ವಿಬೆಕೆಯದು. ಎರಡೂ ನೀಲಿ. ಗಾಡಿ ಮಾರುವ ಅಂಗಡಿ ನಮ್ಮಲ್ಲಿ ಒಂದೇ, ಅದರವನು ತರಿಸುವ ಬಣ್ಣವೂ ಒಂದೇ.

ಅಸ್ಗರ್ ಏಲಕ್ಕಿ ಬನ್ನು ತಿಂದ, ಕಾಫಿ ಕಲಕಿದ, ಎದ್ದು ಹೋದ. ವಿಬೆಕೆ ರೊಟ್ಟಿ ಕಟ್ಟಿಸಿಕೊಂಡು ಹೋದಳು. ನಾನು ಒಲೆಯ ಕಡೆ ತಿರುಗಿದ್ದೆ. ಮುಂದಿನದನ್ನು ಅವನೇ ನನಗೆ ಹೇಳಿದ್ದು.

ಬಂದರಿನ ದಾರಿಯಲ್ಲಿ ಮಂಜು ಹಾಲಿನ ಹಾಗೆ ಇತ್ತಂತೆ. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ತಿಳಿಯುವಂತಿರಲಿಲ್ಲ. ಅಸ್ಗರ್ ಹೊದಿಕೆಯೊಳಗಿನ ಮಗುವಿಗೆ ಅಜ್ಜಿಯ ಕಥೆಯೆಲ್ಲ ಹೇಳಿದ. ಅವಳು ನಗುತ್ತಿದ್ದ ರೀತಿ, ಅವಳಿಲ್ಲದ ಮನೆಯಲ್ಲಿ ಈಗಲೂ ಎರಡು ಲೋಟ ತೆಗೆದಿಡುವ ತನ್ನ ಕೈ. ಯಾರಿಗೂ ಹೇಳದ ಮಾತುಗಳು. ಅಷ್ಟರಲ್ಲಿ ಮಂಜಿನಿಂದ ಇನ್ನೊಂದು ನೀಲಿ ಗಾಡಿ ತೇಲಿಬಂತು, ಹಿಂದೆ ವಿಬೆಕೆ. ಇಬ್ಬರೂ ನಿಂತರು. ಗಾಡಿ ಎದುರಾದರೆ ಒಳಗೆ ಬಗ್ಗಿ ನೋಡಿ ಹೊಗಳುವುದು ನಮ್ಮಲ್ಲಿ ಮರ್ಯಾದೆ.

ವಿಬೆಕೆ ಬಗ್ಗಿದಳು. "ಅಯ್ಯೋ ಮುದ್ದೇ! ಅಜ್ಜ, ಥೇಟ್ ನಮ್ಮ ಮಗುವಿನ ಹಾಗೇ ಇದೆ!"

ಅಸ್ಗರನೂ ಬಗ್ಗಿದ. "ನಿನ್ನ ಮಗೂದೂ ಒಳ್ಳೇ ಮೂಗು ಕಣಮ್ಮ. ನಮ್ಮ ಸಿಗ್ನೆ ಮೂಗಿನ ಹಾಗೆ."

ಇಬ್ಬರಿಗೂ ಬಹಳ ಸಂತೋಷವಾಯಿತು. ಒಬ್ಬರಿಗೊಬ್ಬರು ತಲೆಬಾಗಿ ತಮ್ಮ ತಮ್ಮ ದಾರಿ ಹಿಡಿದರು.

ಸ್ವಲ್ಪ ದೂರ ಹೋದ ಮೇಲೆ ಗಾಡಿಯೊಳಗಿನ ಮಗು ಸೀನಿತು. ಹೊದಿಕೆ ಸರಿಸಿದರೆ ಹಸಿರು ಟೋಪಿ, ಕಂದು ಕಣ್ಣು, ಗಂಭೀರವಾದ ಗಂಡು ಮಗು. ಅಷ್ಟು ಹೊತ್ತು ತನ್ನ ಮನೆಯ ಗುಟ್ಟೆಲ್ಲ ಕೇಳಿಸಿಕೊಂಡದ್ದು ಬಡಗಿಯ ಮಗ. ಅಸ್ಗರನ ಜೀವ ಬಾಯಿಗೆ ಬಂತು. ತಿರುಗಿ ನೋಡಿದರೆ ಬರೀ ಬಿಳುಪು. ಓಡಿದರೆ ಯಾವ ಕಡೆ ಓಡುವುದು? ಆಗ ಅವನು ಗಾಡಿಯ ಹಿಡಿಕೆ ಬಿಡದೆ, ಮಂಜಿನಲ್ಲಿ ಹಡಗು ಕೂಗುವಂತೆ, "ಹೋ...!" ಎಂದು ಉದ್ದಕ್ಕೆ ಕೂಗಿದ. ಆಚೆಯಿಂದ "ಹೋ...!" ಎಂದು ಅಳುವ ದನಿ ಉತ್ತರ ಕೊಟ್ಟಿತು. ಹೀಗೆ ಕೂಗುತ್ತ ಕೂಗುತ್ತ ಎರಡು ಗಾಡಿಗಳೂ ಹತ್ತಿರ ಬಂದವು, ಅವರವರ ಮಗು ಅವರವರ ಕೈ ಸೇರಿತು.

"ಅಜ್ಜ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಹೆಸ್ರು ಮಾತ್ರ ಹೇಳ್ಬೇಡಿ," ಎಂದಳಂತೆ ವಿಬೆಕೆ. "ನಮ್ಮತ್ತೆಗೆ ಗೊತ್ತಾದ್ರೆ ಸಾಯೋವರ್ಗೂ ಆಡ್ಕೋತಾರೆ."

ಅವನು ಗಾಡಿ ತಳ್ಳಿಕೊಂಡು ನೇರ ಬೇಕರಿಗೆ ಬಂದ. ಎಲ್ಲ ಕೇಳಿ ನಾನು ಮೊದಲು ನಕ್ಕೆ, ಆಮೇಲೆ ಬುದ್ಧಿ ಹೇಳಿದೆ. "ಬಾಯಿ ಮುಚ್ಕೊಂಡಿರಯ್ಯಾ. ಮಗು ಏನು ಚಾಡಿ ಹೇಳತ್ತಾ?"

"ಬುಧವಾರ ಹೋಗ್ಬಿಡತ್ತೆ ಬೋಡಿಲ್," ಎಂದ.

"ಅದಕ್ಕೇ ಹೇಳಿದ್ದು, ಸುಮ್ನಿರು ಅಂತ!"

ಸಂಜೆ ಸಿಗ್ನೆ ಮಗುವನ್ನು ಕರೆದೊಯ್ಯಲು ಬೇಕರಿಗೇ ಬಂದಳು. ಮಗು ಕೇಕೆ ಹಾಕುತ್ತಿತ್ತು, ಕೆನ್ನೆ ಕೆಂಪಗಿತ್ತು. "ಪರ್ವಾಗಿಲ್ವೇ ಅಪ್ಪ!" ಎಂದು ಮೊದಲ ಸಲ ಅವನ ಹೆಗಲ ಮೇಲೆ ಕೈಯಿಟ್ಟಳು. ಅಲ್ಲಿಗೆ ಮುಗಿದಿತ್ತು, ಗೆದ್ದಿದ್ದ. ಈ ದಡ್ಡ ಬಾಯಿ ಬಿಟ್ಟ.

"ಸಿಗ್ನೆ, ನಾನು ಬೇರೆ ಮಗೂನ ಕರ್ಕೊಂಡು ಹೋಗ್ಬಿಟ್ಟಿದ್ದೆ. ಯಾರದು ಅಂತ ಹೇಳಲ್ಲ. ಇವ್ಳು ನನ್ನ ಹತ್ರ ಇರ್ಲಿಲ್ಲ."

ಸಿಗ್ನೆಯ ಮುಖ ಹಿಟ್ಟಿನಂತೆ ಬೆಳ್ಳಗಾಯಿತು. ಗಾಡಿ ತಳ್ಳಿಕೊಂಡು ಹೊರಟುಹೋದಳು. ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಕಾಫಿಯನ್ನೂ ಕೊಡಲಿಲ್ಲ. ಆ ವಾರವಿಡೀ ಅವನು ಈ ಕಡೆ ಸುಳಿಯಲಿಲ್ಲ. ಅವನ ಖಾಲಿ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂರಲು ನಾನು ಬಿಡಲಿಲ್ಲ.

ಮುಂದಿನ ಬುಧವಾರ ಮತ್ತೆ ಮಂಜು. ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದೆ, ದೂರದಿಂದ ಗಂಟೆ ಕೇಳಿಸಿತು. ಟಣ್, ಟಣ್. ಹಳೆಯ ಫೆರಿ ಬೀದಿಯಲ್ಲೇ ಬರುತ್ತಿದೆಯೇನೋ ಎನಿಸಿತು. ಬಾಗಿಲಿಗೆ ಬಂದು ನೋಡಿದರೆ ಅಸ್ಗರ್, ನೀಲಿ ಗಾಡಿ, ಅದರ ಹಿಡಿಕೆಗೆ ಕೆಂಪು ದಾರದಲ್ಲಿ ಬಿಗಿದ ಹಿತ್ತಾಳೆಯ ಗಂಟೆ. ಒಳಗೆ ಮಗು ಗಾಢ ನಿದ್ದೆಯಲ್ಲಿತ್ತು.

"ಯಾರು ಕಟ್ಟಿದ್ರೋ ಇದನ್ನ?"

"ಸಿಗ್ನೆ," ಎಂದ. ಅವನ ಕಣ್ಣು ಒದ್ದೆಯಾಗಿತ್ತು. "ಬೆಳಿಗ್ಗೆ ಬಂದವ್ಳೇ ಮೊಳೆಯಿಂದ ತೆಗೆದ್ಳು. 'ಮಂಜಿನ ದಿನ ಈ ಗಂಟೆ ಕೇಳಿದ್ಮೇಲೇ ಅಮ್ಮ ಆಲೂಗಡ್ಡೆ ಬೇಯಕ್ಕಿಡ್ತಿದ್ದದ್ದು. ಅಪ್ಪ ಬಂದ ಅಂತ ಗೊತ್ತಾಗೋದು. ನೀನೇ ಹೇಳ್ದೆ ಬೇರೆಯವ್ರಿಂದ ಗೊತ್ತಾಗಿದ್ರೆ ಮಗೂನ ನಿನ್ನ ಹತ್ರ ಇನ್ನ್ಯಾವತ್ತೂ ಬಿಡ್ತಿರ್ಲಿಲ್ಲ' ಅಂದ್ಳು."

ಗಂಟೆ ಬಾರಿಸುತ್ತ ಅವನು ದವಾಖಾನೆಯ ಕಡೆ ಸಾಗಿದ. ಈಗ ಪ್ರತಿ ಬುಧವಾರವೂ ಹಾಗೇ ಸಾಗುತ್ತಾನೆ. ಚಳಿ ಹೊಡೆಯುತ್ತದೆಂದು ರೋಗಿಗಳು ಎಷ್ಟು ಗೊಣಗಿದರೂ ಸಿಗ್ನೆ ಆ ದಿನ ಬೀದಿಯ ಕಡೆಯ ಕಿಟಕಿಯನ್ನು ಮುಚ್ಚುವುದಿಲ್ಲ.